ಡಮಾಸ್ಕಸ್ಸೋ, ಸ್ಟೇನ್‌ಲೆಸ್ಸೋ: ಜೇಬಿಗೆ ಯಾವ ಚಾಕು?

ಗಂಗಾವತಿ ಕಡೆ ಗದ್ದೆಗೆ ಹೋಗುವವರಿಗೆ ಮಡಚುವ ಚಾಕು ಬೇಕೇ ಬೇಕು: ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲು, ಹಗ್ಗ ಕೊಯ್ಯಲು, ಪೇರಲಹಣ್ಣು ಹೋಳು ಮಾಡಲು. ಈ ಕೆಲಸಕ್ಕೆ ನಾನು ಸ್ಟೇನ್‌ಲೆಸ್ ಅನ್ನೇ ಹೇಳುತ್ತೇನೆ. ಬೆವರು, ಕೆಸರು ತಡೆದುಕೊಳ್ಳುತ್ತದೆ, ತೊಳೆದು ಒರೆಸಿದರೆ ಸಾಕು.

ಆದರೂ ಅಲಗಿನ ಮೇಲೆ ಗೆರೆಗೆರೆ ಚಿತ್ತಾರವಿರುವ ಡಮಾಸ್ಕಸ್ ಉಕ್ಕಿನ ಚೆಲುವೇ ಬೇರೆ. ಈಗ ಸಿಗುವುದರಲ್ಲಿ ಹಲವು 1095 ಮತ್ತು 15ಎನ್20 ಎಂಬ ಎರಡು ಉಕ್ಕುಗಳನ್ನು ಪದರಪದರವಾಗಿ ಬೆಸೆದು, ಆಸಿಡ್‌ನಲ್ಲಿ ಅದ್ದಿದ್ದು. 1095 ಕಪ್ಪಾಗುತ್ತದೆ, ನಿಕ್ಕಲ್ ಇರುವ 15ಎನ್20 ಬೆಳ್ಳಗೆ ಉಳಿಯುತ್ತದೆ. ನೀರಿನ ಅಲೆಯಂಥ ಗೆರೆ ಮೂಡುವುದು ಹಾಗೆ. ಹಳೆಯ ಕಾಲದ ಡಮಾಸ್ಕಸ್ ಬೇರೆ, ಅದು ದಕ್ಷಿಣ ಭಾರತದಲ್ಲೂ ತಯಾರಾಗುತ್ತಿದ್ದ ಮೂಸೆಯಲ್ಲಿ ಕರಗಿಸಿದ ಉಕ್ಕಿನದು. ಆ ಉಕ್ಕಿನ 'ವೂಟ್ಜ್' ಎಂಬ ಹೆಸರು ನಮ್ಮ 'ಉಕ್ಕು' ಪದದಿಂದಲೇ ಬಂತೆನ್ನುತ್ತಾರೆ. ಓದಿದಾಗ ಮೈ ಜುಮ್ಮೆಂದಿತ್ತು!

ಈಗಿನ ಡಮಾಸ್ಕಸ್‌ನ 1095, 15ಎನ್20 ಎರಡಕ್ಕೂ ತುಕ್ಕು ಹಿಡಿಯುತ್ತದೆ. ಒಮ್ಮೆ ನಿಂಬೆಹಣ್ಣು ಕೊಯ್ದು ಹಾಗೇ ಮಡಚಿಟ್ಟಿದ್ದೆ. ಸಂಜೆ ತೆರೆದರೆ ಅಲಗಿನ ಅಂಚಿನಲ್ಲಿ ಸಾಸಿವೆಯಷ್ಟು ಕಂದು ಚುಕ್ಕೆಗಳು. ದಿನಾ ಒರೆಸಿ ಹನಿ ಎಣ್ಣೆ ಸವರುವ ಅಕ್ಕರೆ ಇದ್ದವರಿಗೆ ಮಾತ್ರ ಇದು. ಗೆರೆ ಇದ್ದ ಮಾತ್ರಕ್ಕೆ ಹರಿತ ಹೆಚ್ಚಲ್ಲ, ಅದು ಉಕ್ಕಿಗೆ ಕೊಟ್ಟ ಹದದ ಮೇಲಿದೆ.

ಕೊಳ್ಳುವಾಗ ಅಲಗಿನ ಬೆನ್ನು ನೋಡಿ. ಗೆರೆ ಬರೀ ಪಕ್ಕದಲ್ಲಿದ್ದು ಬೆನ್ನು ನುಣ್ಣಗಿದ್ದರೆ, ಮೇಲಷ್ಟೇ ಬಿಡಿಸಿದ ಲೇಸರ್ ಚಿತ್ತಾರವಿರಬಹುದು. ಯಾವುದೇ ಆಗಲಿ, ಬಿಚ್ಚಿದ ಮೇಲೆ ಅಲಗು ಅಲ್ಲಾಡಿದರೆ ಬೇಡ.