ಬಿಬಿಂಗ್ಕಾನೋ, ಪುತೊ ಬುಂಬೊಂಗೋ? ಒಂಬತ್ತು ನಸುಕು ತಿಂದು ನೋಡಿದೆ

ಫಿಲಿಪ್ಪೀನ್ಸ್‌ನ ಮನಿಲಾಕ್ಕೆ ತಾಗಿಕೊಂಡಿರುವ ಲಾಸ್ ಪಿನ್ಯಾಸ್‌ನಲ್ಲಿ ನಾವು ಬಾಡಿಗೆಗಿದ್ದ ಮನೆಯಿಂದ ಹಳೆಯ ಚರ್ಚಿಗೆ ನಡೆದೇ ಹೋಗಬಹುದಿತ್ತು. ಬಿದಿರಿನ ಆರ್ಗನ್ ವಾದ್ಯದಿಂದ ಹೆಸರಾದ ಚರ್ಚು ಅದು. ಡಿಸೆಂಬರ್ 16ರಿಂದ 24ರವರೆಗೆ ದಿನವೂ ಬೆಳಕು ಹರಿಯುವ ಮುಂಚೆ ಅಲ್ಲಿ ಪೂಜೆ. ಅದೇ ಸಿಂಬಾಂಗ್ ಗಾಬಿ. ಹೊತ್ತು ಮೂಡುವ ಮೊದಲೇ ಹೊಲಕ್ಕೆ ಹೊರಡುತ್ತಿದ್ದ ರೈತರಿಗಾಗಿ ಸ್ಪೇನಿನವರ ಆಳ್ವಿಕೆಯಲ್ಲಿ ಬೆಳೆದು ಬಂದ ಪದ್ಧತಿ. ಪೂಜೆ ಮುಗಿಸಿ ಹೊರಬಂದವರಿಗೆ ಬಿಬಿಂಗ್ಕಾ, ಪುತೊ ಬುಂಬೊಂಗ್ ಎಂಬ ಎರಡು ತಿಂಡಿ ಕಾದಿರುತ್ತವೆ, ಎರಡೂ ಅಕ್ಕಿಯವೇ. ಯಾವುದು ಮೇಲು ಅಂತ ಆ ವರ್ಷ ಒಂಬತ್ತೂ ದಿನ ತಿಂದು ನೋಡಿದೆ.

ಬಿಬಿಂಗ್ಕಾಗೆ ಅಕ್ಕಿ ನೆನೆಸಿ ರುಬ್ಬಿ, ತೆಂಗಿನ ಹಾಲು, ಮೊಟ್ಟೆ, ಸಕ್ಕರೆ ಸೇರಿಸುತ್ತಾರೆ. ಮಣ್ಣಿನ ಪಾತ್ರೆಗೆ ಬಾಳೆಲೆ ಹಾಸಿ ಹಿಟ್ಟು ಹೊಯ್ದು, ಕೆಳಗೂ ಕೆಂಡ, ಮುಚ್ಚಿದ ತಗಡಿನ ಮೇಲೂ ಕೆಂಡ. ಅರ್ಧ ಬೆಂದಾಗ ಉಪ್ಪಲ್ಲಿ ಹಾಕಿಟ್ಟ ಬಾತುಕೋಳಿ ಮೊಟ್ಟೆಯ ಹೋಳು, ಎಮ್ಮೆ ಹಾಲಿನ ಬಿಳಿ ಚೀಸು ಇಡುತ್ತಾರೆ. ಇಳಿಸಿದ ಮೇಲೆ ಬೆಣ್ಣೆ ಸವರಿ ಕಾಯಿತುರಿ. ಗೋವೆಯ ಬೆಬಿಂಕಾ ಅಂದುಕೊಳ್ಳಬೇಡಿ. ಅದು ಪದರ ಪದರ, ಇದು ಒಂದೇ ದಪ್ಪ ರೊಟ್ಟಿ. ಸುಟ್ಟ ಬಾಳೆಲೆಯ ಘಮ ಅಂಚಿಗೆ ಹಿಡಿದಿರುತ್ತದೆ. ಸಿಹಿಯ ನಡುವೆ ಉಪ್ಪು ಮೊಟ್ಟೆ ಸಿಕ್ಕಾಗ ಮೊದಲ ದಿನ ಬೆಚ್ಚಿದೆ, ಮೂರನೇ ದಿನ ಅದನ್ನೇ ಹುಡುಕಿದೆ.

ಪುತೊ ಬುಂಬೊಂಗ್ ಬೇರೆಯದೇ ಜಾತಿ. ಪಿರುರುತೊಂಗ್ ಎಂಬ ಕಡುನೇರಳೆ ಅಂಟಕ್ಕಿಯನ್ನು ನೆನೆಸಿ ರುಬ್ಬಿ, ನೀರು ಹಿಂಡಿ, ಉದುರಾದ ಹಿಟ್ಟನ್ನು ಸಣ್ಣ ಬಿದಿರ ಕೊಳವೆಗೆ ತುಂಬುತ್ತಾರೆ. ಹಬೆಯ ಡಬ್ಬಿಯ ಮೇಲೆ ಆ ಕೊಳವೆಗಳು ನೆಟ್ಟಗೆ ನಿಂತಿರುತ್ತವೆ. ನಮ್ಮಲ್ಲಿ ಬಿದಿರ ಪುಟ್ಟು ಕಂಡವರಿಗೆ ಇದು ಹೊಸದಲ್ಲ, ಆದರೆ ಇದು ಉದುರುವುದಿಲ್ಲ, ಹಲ್ಲಿಗೆ ಅಂಟುತ್ತದೆ. ಮಾರುತ್ತಿದ್ದ ಆತೆ (ಅಕ್ಕನಿಗೆ ಅಲ್ಲಿ ಹಾಗನ್ನುತ್ತಾರೆ) ಕೊಳವೆಯನ್ನು ಬಾಳೆಲೆಯ ಮೇಲೆ ಒಮ್ಮೆ ಕೊಡವುತ್ತಿದ್ದರು, ಬೆರಳುದ್ದದ ತುಂಡು ಹಬೆಯಾಡುತ್ತಾ ಜಾರುತ್ತಿತ್ತು. ಮೇಲೆ ಮಾರ್ಗರೀನು, ಕಾಯಿತುರಿ, ಬೆಲ್ಲದ ವಾಸನೆಯ ಕಂದು ಸಕ್ಕರೆ. ಹಿಟ್ಟಿಗೆ ಸ್ವಂತ ಸಿಹಿ ಇಲ್ಲ. ಸಕ್ಕರೆ ಅರ್ಧ ಕರಗಿ, ಅರ್ಧ ಕರಕರ ಅನ್ನುವಾಗ ಬಾಯಿಗಿಡಬೇಕು.

ಒಂದು ಎಚ್ಚರ ಹೇಳಲೇಬೇಕು. ಪಿರುರುತೊಂಗ್ ದುಬಾರಿ, ಸುಲಭಕ್ಕೆ ಸಿಗುವುದಿಲ್ಲ; ಎಷ್ಟೋ ಕಡೆ ಬಿಳಿ ಅಂಟಕ್ಕಿಗೆ ಬಣ್ಣ ಹಾಕುತ್ತಾರೆ. ಒಂದು ಮಾಲ್‌ನಲ್ಲಿ ತಿಂದದ್ದು ಹೂವಿನಂಥ ಕಡುನೇರಳೆ, ರುಚಿ ಮಾತ್ರ ಸಪ್ಪೆ. ಅಸಲಿಯದು ಕೊಂಚ ಬೂದಿ ಕಲೆಸಿದ ಹಾಗೆ ಮಂಕಾಗಿರುತ್ತದೆ. ಬಿಬಿಂಗ್ಕಾದಲ್ಲೂ ಮೋಸ ಉಂಟು: ವಿದ್ಯುತ್ ಓವನ್ನಿನಲ್ಲಿ ಬೇಯಿಸಿದ್ದು ಮೆತ್ತಗೆ ಕೇಕಿನಂತೆ ಬರುತ್ತದೆ, ಹೊಗೆಯ ವಾಸನೆಯೇ ಇಲ್ಲ.

ಜೊತೆಗೆ ಕುಡಿಯಲು ಸಲಾಬಾತ್, ಅಂದರೆ ಶುಂಠಿ ಕಷಾಯ. ಅದು ಎರಡಕ್ಕೂ ಹೊಂದುತ್ತದೆ.

ನನ್ನ ಓಟು ಪುತೊ ಬುಂಬೊಂಗ್‌ಗೆ, ಆದರೆ ಅದು ಚರ್ಚಿನ ಬಾಗಿಲಲ್ಲಿ ಮಾತ್ರ. ಮನೆಗೆ ಒಯ್ದ ದಿನ ದಾರಿಯಲ್ಲೇ ಬಿರುಸಾಯಿತು, ಮತ್ತೆ ಹಬೆಯಲ್ಲಿಟ್ಟರೂ ಮೊದಲಿನ ಹದ ಬರಲಿಲ್ಲ. ಮನೆಯಲ್ಲಿ ಕಾಯುವವರಿದ್ದರೆ ಬಿಬಿಂಗ್ಕಾ ಕಟ್ಟಿಸಿ. ತವೆಯ ಮೇಲೆ ಬಿಸಿ ಮಾಡಿದರೆ ಅಂಚು ಮತ್ತೆ ಗರಿಗರಿಯಾಗುತ್ತದೆ. 24ರ ನಸುಕಿಗೆ ನಾನು ಮಾಡಿದ್ದೂ ಅದನ್ನೇ: ಮಧ್ಯರಾತ್ರಿಯ ನೋಚೆ ಬುವೆನಾ ಎಂಬ ಕ್ರಿಸ್‌ಮಸ್ ಊಟಕ್ಕೆ ಎರಡು ಬಿಬಿಂಗ್ಕಾ ಚೀಲಕ್ಕೆ ಹಾಕಿಕೊಂಡು, ಆತೆಯ ಪಕ್ಕದಲ್ಲೇ ನಿಂತು ಪುತೊ ಬುಂಬೊಂಗ್ ತಿಂದು ಮುಗಿಸಿದೆ.