ಎಕ್ಸ್‌ಎಂಎಲ್ ತಿದ್ದಲು ಪೈಥಾನ್‌ನ ಮೂರು ಲೈಬ್ರರಿ: ಯಾವುದು ವಾಸಿ?

ಆಂಡ್ರಾಯ್ಡ್ ಆಪ್‌ನಲ್ಲಿ ಕಾಣುವ ಕನ್ನಡ ಸಾಲುಗಳು ಸಾಮಾನ್ಯವಾಗಿ ಒಂದು ಎಕ್ಸ್‌ಎಂಎಲ್ (ಮಾಹಿತಿಯನ್ನು ಟ್ಯಾಗ್‌ಗಳ ನಡುವೆ ಬರೆದಿಡುವ ರೀತಿ) ಫೈಲಿನಲ್ಲಿ ಇರುತ್ತವೆ. ಪ್ರತಿ ಸಾಲಿಗೂ ‘ನೇಮ್’ ಅನ್ನುವ ಆಟ್ರಿಬ್ಯೂಟ್, ಅಂದರೆ ಟ್ಯಾಗ್‌ನೊಳಗೆ ಬರೆದ ಗುರುತು, ಇರುತ್ತದೆ. ಅದನ್ನು ಹಿಡಿದು ಎಲಿಮೆಂಟ್ (ಟ್ಯಾಗ್ ಮತ್ತು ಅದರೊಳಗಿನದು) ಹುಡುಕಬೇಕು, ಒಳಗಿನ ಮಾತು ಬದಲಿಸಬೇಕು, ಉಳಿದದ್ದನ್ನು ಮುಟ್ಟಬಾರದು. ಒಂದೇ ಫೈಲಿನ ಮೇಲೆ ಎಲಿಮೆಂಟ್‌ಟ್ರೀ, ಎಲ್‌ಎಕ್ಸ್‌ಎಂಎಲ್, ಬ್ಯೂಟಿಫುಲ್‌ಸೂಪ್ ಅನ್ನುವ ಮೂರು ಲೈಬ್ರರಿ ಓಡಿಸಿ ನೋಡಿದೆ. ಹುಡುಕುವುದರಲ್ಲಿ ಮೂರೂ ಪಾಸು. ಬಣ್ಣ ಬಯಲಾಗುವುದು ಸೇವ್ ಮಾಡಿ ಗಿಟ್ ಡಿಫ್ (ಫೈಲಿನಲ್ಲಿ ಏನೇನು ಬದಲಾಯಿತು ಅನ್ನುವ ಪಟ್ಟಿ) ನೋಡಿದಾಗ.

ಎಲಿಮೆಂಟ್‌ಟ್ರೀ ಪೈಥಾನ್ 2.5ರಿಂದಲೂ ಜೊತೆಗೇ ಬರುತ್ತದೆ, ಇನ್‌ಸ್ಟಾಲ್ ತಲೆನೋವಿಲ್ಲ. ‘ನೇಮ್’ ಇಂಥದ್ದೇ ಅಂದರೆ ಥಟ್ಟನೆ ಹುಡುಕಿಕೊಡುತ್ತದೆ. ‘ಎರರ್’ ಅಂತ ಶುರುವಾಗುವ ಹೆಸರೆಲ್ಲ ಬೇಕು ಅಂದರೆ ಅದರ ಅರೆಬರೆ ಎಕ್ಸ್‌ಪಾತ್‌ಗೆ (ಎಲಿಮೆಂಟ್ ಹುಡುಕುವ ಭಾಷೆ) ಆಗುವುದಿಲ್ಲ, ಲೂಪ್ ಹಾಕಬೇಕು. ಅದೇನೂ ದೊಡ್ಡದಲ್ಲ. ಆದರೆ ಸೇವ್ ಮಾಡಿದ್ದೇ ತಡ, ಅನುವಾದಕರಿಗೆಂದು ಬರೆದಿಟ್ಟ ಕಾಮೆಂಟ್‌ಗಳೆಲ್ಲ ಮಾಯ! ಟ್ಯಾಗ್ ಹೆಸರಿನ ಮುಂದಿದ್ದ ‘ಎಕ್ಸ್‌ಲಿಫ್’ ಅನ್ನುವ ಪ್ರಿಫಿಕ್ಸ್ ‘ಎನ್‌ಎಸ್0’ ಆಗಿತ್ತು. ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಬರೆಯುವ ಪದ್ಧತಿ) ಹೇಳದಿದ್ದರೆ ಕನ್ನಡ ಅಕ್ಷರಗಳಿಲ್ಲದ ಆಸ್ಕಿಯಲ್ಲೇ ಬರೆಯುತ್ತದೆ; ‘ಕ’ ಇದ್ದ ಕಡೆಯೆಲ್ಲ ಕ ಬಂದು ಕೂತಿತ್ತು. ಎಲ್ಲಕ್ಕೂ ಮದ್ದುಂಟು. ಪ್ರಿಫಿಕ್ಸ್ ರಿಜಿಸ್ಟರ್ ಮಾಡಬಹುದು, ಯುಟಿಎಫ್-8 ಅಂತ ಹೇಳಬಹುದು, 3.8ರಿಂದ ಕಾಮೆಂಟ್ ಉಳಿಸಿಕೊಳ್ಳುವ ಆಯ್ಕೆಯೂ ಇದೆ. ಅಷ್ಟು ಮಾಡಿದರೂ ಫೈಲಿನ ತಲೆಯಲ್ಲಿ, ರೂಟ್ ಎಲಿಮೆಂಟ್‌ಗಿಂತ ಮೇಲೆ ಇರುವ ಲೈಸೆನ್ಸ್ ಕಾಮೆಂಟ್ ಮಾತ್ರ ಉಳಿಯುವುದಿಲ್ಲ. ಬರೀ ಓದಿ ಪಟ್ಟಿ ತೆಗೆಯುವುದಿದ್ದರೆ ಇದು ಧಾರಾಳವಾಗಿ ಸಾಕು. ತಿದ್ದಲು ನಾನಂತೂ ಬಳಸುವುದಿಲ್ಲ.

ತಿದ್ದಲು ನನ್ನ ಓಟು ಎಲ್‌ಎಕ್ಸ್‌ಎಂಎಲ್‌ಗೆ. ಇದನ್ನು ಬೇರೆಯಾಗಿ ಇನ್‌ಸ್ಟಾಲ್ ಮಾಡಬೇಕು. ಕಾಮೆಂಟು, ಪ್ರಿಫಿಕ್ಸು ಎಲ್ಲ ಇದ್ದಲ್ಲೇ ಇರುತ್ತವೆ. ಡಿಫ್‌ನಲ್ಲಿ ನಾನು ಮುಟ್ಟಿದ ಸಾಲು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಎಕ್ಸ್‌ಪಾತ್ 1.0 ಪೂರ್ತಿ ಸಿಗುತ್ತದೆ. ಹುಡುಕುವ ಹೆಸರನ್ನು ವೇರಿಯಬಲ್ ಆಗಿ ಕೊಡಬಹುದು, ಕೋಟ್ ಚಿಹ್ನೆಗಳ ಜೊತೆ ಗುದ್ದಾಡಬೇಕಿಲ್ಲ. ಎನ್‌ಕೋಡಿಂಗ್ ಮಾತ್ರ ಇಲ್ಲೂ ಹೇಳಲೇಬೇಕು. ಇನ್ನೊಂದು ಕಡೆ ಹುಷಾರು: ಎಲಿಮೆಂಟ್ ತೆಗೆದರೆ ಅದರ ನಂತರದ ಪಠ್ಯವೂ ‘ಟೇಲ್’ ಆಗಿ ಜೊತೆಗೇ ಹೋಗುತ್ತದೆ. ‘ನಿಮಗೆ 5 ಸಂದೇಶ ಬಂದಿದೆ’ ಅನ್ನುವಲ್ಲಿ 5 ಒಂದು ಎಲಿಮೆಂಟ್ ಒಳಗಿದೆ ಅಂದುಕೊಳ್ಳಿ. ಅದನ್ನು ತೆಗೆದರೆ ಉಳಿಯುವುದು ಸುಮ್ನೆ ‘ನಿಮಗೆ’ ಅಷ್ಟೇ. ಎಲಿಮೆಂಟ್‌ಟ್ರೀಯದೂ ಇದೇ ಕಥೆ.

ಬ್ಯೂಟಿಫುಲ್‌ಸೂಪ್ ಬರೆಯಲು ಹಿತ. ಆದರೆ ಅದರ ‘ಫೈಂಡ್’ನಲ್ಲಿ ‘ನೇಮ್’ ಅಂದರೆ ಟ್ಯಾಗ್‌ನ ಹೆಸರು! ನಮ್ಮ ಆಟ್ರಿಬ್ಯೂಟ್ ಹೆಸರೂ ಅದೇ ಅಲ್ವಾ? ನೇರವಾಗಿ ಕೊಟ್ಟರೆ ಎರರ್ ಕೂಡ ಬರುವುದಿಲ್ಲ, ‘ನನ್’ (ಏನೂ ಸಿಗಲಿಲ್ಲ) ಅಂತ ಕೈ ತೊಳೆದುಕೊಳ್ಳುತ್ತದೆ. ಆಟ್ರಿಬ್ಯೂಟ್‌ಗಳಿಗೆಂದೇ ಇರುವ ‘ಆಟ್ರ್ಸ್’ ಡಿಕ್ಷನರಿಯಲ್ಲಿ ಹಾಕಿ ಕೊಡಬೇಕು. ಫೈಲನ್ನು ಓದಿ ಬಿಡಿಸಲು ಎಚ್‌ಟಿಎಂಎಲ್ ಪಾರ್ಸರ್ ಬಳಸಿದರೆ ಟ್ಯಾಗ್‌ಗಳ ದೊಡ್ಡಕ್ಷರವೆಲ್ಲ ಸಣ್ಣದಾಗುತ್ತದೆ. ಎಕ್ಸ್‌ಎಂಎಲ್ ಪಾರ್ಸರ್ ಬೇಕೆಂದರೆ ಅದಕ್ಕೂ ಎಲ್‌ಎಕ್ಸ್‌ಎಂಎಲ್ ಇರಲೇಬೇಕು. ಹಾಗಿದ್ದ ಮೇಲೆ ನೇರ ಅದನ್ನೇ ಬಳಸಿದರಾಯಿತು.