ಕಾಮಿಡಿ ಸೀರಿಯಲ್ ಕಲಾವಿದರ ಜೊತೆ ಫೋಟೊ ಅಂತ ಪಾಸ್ ಮಾರಿದರೆ ಸ್ವಲ್ಪ ತಡೀರಿ

ದಾವಣಗೆರೆ, ಹರಿಹರ, ದುರ್ಗದ ಕಡೆಯವರು ದಯವಿಟ್ಟು ಓದಿ. ಟಿವಿ ಕಾಮಿಡಿ ಕಲಾವಿದರು ಊರಿಗೆ ಬರ್ತಾರೆ, ಪಾಸ್ ತಗೊಂಡ್ರೆ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಬಹುದು ಅಂತ ವಾಟ್ಸಾಪ್‌ನಲ್ಲಿ ಪೋಸ್ಟರ್ ಓಡಾಡುತ್ತಿವೆ. ದಾವಣಗೆರೆಯಲ್ಲಿ ಇಂಥದ್ದೇ ಒಂದು ಕಾರ್ಯಕ್ರಮಕ್ಕೆ ನಾವು ದುಡ್ಡು ಕೊಟ್ಟು ಹೋಗಿದ್ದೆವು. ಕಲಾವಿದರು ಬರಲೇ ಇಲ್ಲ. ದುಡ್ಡೂ ವಾಪಸ್ ಬಂದಿಲ್ಲ. ಈಗ ಅದೇ ಥರದ ಪೋಸ್ಟರ್ ಹರಿಹರದ ಹೆಸರಲ್ಲಿ ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ಕಲಾವಿದರ ಹೆಸರು, ಸೀರಿಯಲ್ ಹೆಸರು ಇಲ್ಲಿ ಹೇಳುವುದಿಲ್ಲ. ಇದರಲ್ಲಿ ಅವರ ತಪ್ಪು ಏನೂ ಇಲ್ಲ. ಹೀಗೊಂದು ಕಾರ್ಯಕ್ರಮ ಇದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ.

ಪಾಸ್ ತಗೊಂಡಿದ್ದು ನಮ್ಮತ್ತೆಗೋಸ್ಕರ. ಅಳುವ ಸೀರಿಯಲ್ ಅವರಿಗೆ ಆಗಿಬರುವುದಿಲ್ಲ. ಕಾಮಿಡಿ ಅಂದರೆ ಮಾತ್ರ ಟಿವಿ ಮುಂದೆ ಕೂರುತ್ತಾರೆ. ‘ಪಾಪ ಪಾಂಡು’ ಬರುತ್ತಿದ್ದ ಕಾಲದಲ್ಲಿ ರಾತ್ರಿ ಅಡುಗೆಯನ್ನೇ ಬೇಗ ಮುಗಿಸುತ್ತಿದ್ದರಂತೆ. ಶಾಲಿನಿ ಅವರ ಶ್ರೀಮತಿ, ಚಿದಾನಂದ್ ಅವರ ಪಾಂಡು, ‘ಸಿಲ್ಲಿ ಲಲ್ಲಿ’ಯಲ್ಲಿ ರವಿಶಂಕರ್ ಗೌಡರ ಡಾಕ್ಟರ್ ವಿಠಲ್ ರಾವ್, ಇವರೆಲ್ಲ ಅವರಿಗೆ ಪಕ್ಕದ ಮನೆಯವರಿದ್ದ ಹಾಗೆ. ಈ ಸೀರಿಯಲ್‌ಗಳು ಬರುತ್ತಿದ್ದ ಈಟಿವಿ ಕನ್ನಡ 2015ರಲ್ಲೇ ಕಲರ್ಸ್ ಕನ್ನಡ ಆಯಿತು. ನಮ್ಮತ್ತೆ ಮಾತ್ರ ಈಗಲೂ ‘ಈಟಿವಿ ಹಾಕಮ್ಮ’ ಅಂತಾರೆ. ಇಂಥವರಿಗೆ ಒಬ್ಬ ಕಾಮಿಡಿ ಕಲಾವಿದರನ್ನು ಎದುರಿಗೇ ನೋಡಬಹುದು ಅಂದರೆ ಎಷ್ಟು ಖುಷಿ ಆಗಬೇಡ! ಮೋಸ ಮಾಡುವವರು ಹಿಡಿಯುವುದೇ ಈ ಖುಷಿಯನ್ನು.

ಪೋಸ್ಟರ್ ಜೊತೆ ಒಂದು ವಿಡಿಯೊ ಬೈಟ್ ಇತ್ತು. ಕಲಾವಿದರೇ ಕ್ಯಾಮೆರಾ ನೋಡಿ, ನಮಸ್ಕಾರ, ನಿಮ್ಮೂರಿಗೆ ಬರ್ತಿದ್ದೀನಿ, ತಪ್ಪದೇ ಬನ್ನಿ ಅಂತ ಹೇಳುತ್ತಾರೆ. ಮುಖ ಅವರದೇ, ದನಿಯೂ ಅವರದೇ. ಅದು ಬೇರೆ ಊರಿನ ಗಣೇಶೋತ್ಸವಕ್ಕೆ ಹಿಂದೆ ಯಾವಾಗಲೋ ಕೊಟ್ಟ ಬೈಟ್ ಅಂತ ಆಮೇಲೆ ಗೊತ್ತಾಯಿತು. ಊರಿನ ಹೆಸರು, ತಾರೀಕು ಹೇಳುವ ಭಾಗ ಕತ್ತರಿಸಿ ಮಿಕ್ಕಿದ್ದನ್ನು ಹಾಕಿದ್ದರು. ಹಾಗಾಗಿ ಬೈಟ್ ಇದೆ ಅಂದ ಮಾತ್ರಕ್ಕೆ ನಂಬಬೇಡಿ. ಅದರಲ್ಲಿ ನಿಮ್ಮ ಊರು, ಆ ಜಾಗ, ಆ ತಾರೀಕು ಕಲಾವಿದರ ಬಾಯಲ್ಲೇ ಬಂದಿದೆಯಾ ಕೇಳಿಸಿಕೊಳ್ಳಿ. ಬಂದಿದ್ದರೂ ಒಂದು ಮಾತು ವಿಚಾರಿಸಿ. ಈಗ ದನಿಯನ್ನೂ ಕಂಪ್ಯೂಟರ್‌ನಲ್ಲೇ ತಯಾರು ಮಾಡುತ್ತಾರೆ.

ಕೂತು ನೋಡಲು 300 ರೂಪಾಯಿ. ಫೋಟೊ ಮತ್ತು ಊಟ ಸೇರಿದ ‘ಭೇಟಿ ಪಾಸ್’ 1,500. ದುಡ್ಡು ಕಳಿಸುವಾಗ ಯುಪಿಐನಲ್ಲಿ ಸಂಸ್ಥೆಯ ಹೆಸರು ಬರಲಿಲ್ಲ, ಯಾರೋ ಒಬ್ಬರ ಹೆಸರು ಬಂತು. ಕೇಳಿದ್ದಕ್ಕೆ, ‘ಅದು ನಮ್ಮ ಅಕೌಂಟೆಂಟ್‌ದು ಮೇಡಂ’ ಅಂದರು.

ಆ ಸಂಜೆ ಪಿ.ಬಿ. ರಸ್ತೆ ಕಡೆಯ ಒಂದು ಹಾಲ್‌ಗೆ ಹೋದೆವು. ಕುರ್ಚಿ ಭರ್ತಿ. ವೇದಿಕೆ ಮೇಲೆ ಒಂದು ಬ್ಯಾನರ್, ಎರಡು ಸ್ಪೀಕರ್, ಅಷ್ಟೇ. ಹೇಳಿದ ಟೈಮ್ ಕಳೆದ ಮೇಲೆ ಮೈಕ್‌ನಲ್ಲಿ, ‘ಕಲಾವಿದರು ಬೆಂಗಳೂರಿಂದ ಹೊರಟು ಚಿತ್ರದುರ್ಗ ದಾಟಿದ್ದಾರೆ, ಇನ್ನೇನು ಬಂದೇಬಿಟ್ರು’ ಅಂದರು. ಮಕ್ಕಳು ಶಿಳ್ಳೆ ಹೊಡೆದರು. ತುಂಬಾ ಹೊತ್ತಾದ ಮೇಲೆ ಇನ್ನೊಬ್ಬ ಬಂದು, ‘ಹಿರಿಯೂರಲ್ಲಿ ಊಟಕ್ಕೆ ನಿಂತಿದ್ದಾರೆ’ ಅಂದ. ಬೆಂಗಳೂರಿಂದ ಬರುವಾಗ ಹಿರಿಯೂರು ಸಿಗುವುದು ಚಿತ್ರದುರ್ಗಕ್ಕಿಂತ ಮುಂಚೆ. ನಮ್ಮ ಹಿಂದೆ ಕೂತಿದ್ದ ದುರ್ಗದ ಹೆಂಗಸೊಬ್ಬರು ಎದ್ದು ನಿಂತು, ‘ಏನ್ರೀ, ರಿವರ್ಸ್ ಗೇರಲ್ಲಿ ಬರ್ತಿದ್ದಾರಾ?’ ಅಂತ ಕೇಳಿದರು. ಇಡೀ ಹಾಲ್ ನಕ್ಕಿತು. ಆ ರಾತ್ರಿ ನೋಡಿದ ಒಳ್ಳೆ ಕಾಮಿಡಿ ಅದೊಂದೇ.

ಆಮೇಲೆ ಒಬ್ಬ ಹುಡುಗನನ್ನು ಬಿಟ್ಟು ಆ ಕಲಾವಿದರ ಮಿಮಿಕ್ರಿ ಮಾಡಿಸಿದರು. ಚೆನ್ನಾಗಿಯೇ ಮಾಡಿದ, ಪಾಪ. ಭೇಟಿ ಪಾಸ್ ಇದ್ದವರಿಗೆ ಕಲಾವಿದರ ಕಟೌಟ್ ತಂದು ನಿಲ್ಲಿಸಿ, ಸದ್ಯಕ್ಕೆ ಇದರ ಜೊತೆ ಫೋಟೊ ತೆಗೆಸಿಕೊಳ್ಳಿ ಅಂದರು! ಜನ ರೇಗಿದರು. ಅಷ್ಟರಲ್ಲಿ ಸೌಂಡ್ ಸಿಸ್ಟಂನವನು ಬಾಡಿಗೆ ಬಂದಿಲ್ಲ ಅಂತ ವೈರ್ ಸುತ್ತಲು ಶುರು ಮಾಡಿದ. ಆಯೋಜಕರು ಎಲ್ಲಿ ಅಂತ ನೋಡಿದರೆ ಯಾರೂ ಇಲ್ಲ, ಫೋನ್ ಸ್ವಿಚ್ ಆಫ್. ಮಿಮಿಕ್ರಿ ಹುಡುಗ ಗೇಟ್ ಹತ್ತಿರ ಸಿಕ್ಕಿದ್ದ. ಅವನಿಗೂ ದುಡ್ಡು ಕೊಟ್ಟಿರಲಿಲ್ಲ. ಕಲಾವಿದರು ಬರುವ ತನಕ ಜನರನ್ನು ನಗಿಸು ಅಂತ ಕರೆಸಿದ್ದರಂತೆ. ದಯವಿಟ್ಟು ಆ ಹುಡುಗನನ್ನು ಬೈಯಬೇಡಿ.

ಇನ್ನು ಇದರ ಎರಡನೇ ಭಾಗ. ಇದು ಮೊದಲನೆಯದಕ್ಕಿಂತ ಕೆಟ್ಟದ್ದು. ಮಾರನೇ ದಿನ ಅದೇ ವಾಟ್ಸಾಪ್ ಗುಂಪಿನಲ್ಲಿ, ‘ರೀಫಂಡ್ ಬೇಕಾದವರು ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಅಂತ ಮೆಸೇಜ್ ಬಂತು. ಯುಪಿಐನಲ್ಲಿ ದುಡ್ಡು ಪಡೆಯಲು ಸ್ಕ್ಯಾನ್ ಮಾಡುವುದೂ ಬೇಡ, ಪಿನ್ ಒತ್ತುವುದೂ ಬೇಡ. ಪಿನ್ ಒತ್ತಿದರೆ ದುಡ್ಡು ನಿಮ್ಮ ಖಾತೆಯಿಂದ ಹೋಗುತ್ತದೆ. ಸಿಟ್ಟಲ್ಲಿದ್ದ ಜನ ಇದನ್ನು ಯೋಚಿಸಲಿಲ್ಲ. ನಮ್ಮ ಬೀದಿಯ ಒಬ್ಬ ಅಜ್ಜ ಹೀಗೇ ಎರಡನೇ ಸಲ ಕಳೆದುಕೊಂಡರು.

ಪಾಸ್ ಕೊಳ್ಳುವ ಮುಂಚೆ ಏನು ನೋಡಬೇಕು ಅಂದರೆ, ಮೊದಲು ಹಾಲ್‌ನವರಿಗೆ ಒಂದು ಫೋನ್ ಮಾಡಿ. ಯಾರ ಹೆಸರಲ್ಲಿ ಬುಕ್ ಆಗಿದೆ, ಪೂರ್ತಿ ದುಡ್ಡು ಕಟ್ಟಿದ್ದಾರಾ ಕೇಳಿ. ಆಮೇಲೆ ಕಲಾವಿದರ ಅಧಿಕೃತ ಪೇಜ್ ನೋಡಿ, ಒಂದು ಮೆಸೇಜ್ ಹಾಕಿ. ನಾವು ಆಮೇಲೆ ಹಾಕಿದಾಗ, ಆ ದಿನ ನಮಗೆ ಬುಕಿಂಗೇ ಇಲ್ಲ ಅಂತ ಅವರ ಕಡೆಯಿಂದ ಉತ್ತರ ಬಂತು. ಬೈಟ್ ಎಲ್ಲಿಯದು ಅಂತಲೂ ಅವರೇ ಹೇಳಿದರು. ಚಾನೆಲ್‌ನವರೇ ನಡೆಸುವ ಕಾರ್ಯಕ್ರಮ ಆದರೆ ಸಾಮಾನ್ಯವಾಗಿ ಟಿವಿಯಲ್ಲೇ ಪ್ರೋಮೋ ಬರುತ್ತದೆ. ಪಾಸ್ ಮೇಲೆ ಆಯೋಜಕರ ಪೂರ್ತಿ ಹೆಸರು, ವಿಳಾಸ ಇರಲೇಬೇಕು. ನಮ್ಮ ಪಾಸ್ ಮೇಲೆ ಕಲಾವಿದರ ಫೋಟೊ ದೊಡ್ಡದಾಗಿತ್ತು. ಕೆಳಗೆ ಸಣ್ಣಕ್ಷರದಲ್ಲಿ ‘ಕಾರ್ಯಕ್ರಮ ಬದಲಾಗಬಹುದು’ ಅಂತಿತ್ತು. ವಿಳಾಸ ಇರಲಿಲ್ಲ.

ಈ ವಿಳಾಸದ ಬೆಲೆ ದೂರು ಕೊಡಲು ಹೋದಾಗ ಗೊತ್ತಾಗುತ್ತದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಎರಡು ವರ್ಷದೊಳಗೆ ದೂರು ಹಾಕಬಹುದು. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಆದರೆ ನೋಟಿಸ್ ಯಾರ ಮನೆಗೆ ಕಳಿಸುವುದು? ಸುಮ್ನೆ ಬಿಟ್ಟುಬಿಡಿ ಅಂದವರೇ ಜಾಸ್ತಿ. ನಾವು ಬಿಡಲಿಲ್ಲ, ಸೈಬರ್ ದೂರು ಕೊಟ್ಟಿದ್ದೇವೆ.

ಆನ್‌ಲೈನ್‌ನಲ್ಲಿ ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ಆ ದುಡ್ಡು ಇನ್ನೊಂದು ಖಾತೆಗೆ ಹಾರುವ ಮುಂಚೆ ತಡೆಹಿಡಿಯಲು ಅವಕಾಶ ಜಾಸ್ತಿ. ಜಿಲ್ಲೆಯ ಸಿಇಎನ್ ಠಾಣೆಗೂ (ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆ) ಹೋಗಬಹುದು. ವಾಟ್ಸಾಪ್ ಗುಂಪಿನಿಂದ ಸಿಟ್ಟಲ್ಲಿ ಹೊರಗೆ ಬರಬೇಡಿ, ಚಾಟ್ ಅಳಿಸಬೇಡಿ. ಯುಪಿಐ ರಸೀದಿಯಲ್ಲಿ 12 ಅಂಕಿಯ ಯುಟಿಆರ್ ನಂಬರ್ (ಆ ಪಾವತಿಯ ಗುರುತಿನ ಸಂಖ್ಯೆ) ಇರುತ್ತದೆ, ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಆ ಸಂಜೆ ಹಾಲ್‌ನಲ್ಲಿದ್ದವರು ಇದನ್ನು ಓದುತ್ತಿದ್ದರೆ, ಪಾಸ್ ಮತ್ತು ಯುಟಿಆರ್ ನಂಬರ್ ಇಟ್ಟುಕೊಂಡು ನೀವೂ ಒಂದು ದೂರು ಕೊಡಿ.